ಮನೆಗೊಂದು ನ್ಯಾಸ್: ಕಡಿಮೆ ಖರ್ಚಿನಲ್ಲಿ ಸರಿಯಾದದ್ದನ್ನು ಆರಿಸಿಕೊಳ್ಳುವುದು ಹೇಗೆ?

ಫೋನ್ ತುಂಬಿತು ಅಂತ ಹಳೇ ಫೋಟೋ ಅಳಿಸುತ್ತಾ ಕೂರುವುದು ಈಗ ಎಲ್ಲರ ಮನೆಯಲ್ಲೂ ಇರುವ ಕೆಲಸ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ನಿಲ್ಲಿಸಿತು. ಆಮೇಲೆ ಜಿಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ 15 ಜಿಬಿ ಅಷ್ಟೇ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಅದೇ 15 ಜಿಬಿಯೊಳಗೆ ಬಂದು ಕೂತಿದೆ. ತಿಂಗಳು ತಿಂಗಳು ದುಡ್ಡು ಕಟ್ಟಿ ಜಾಸ್ತಿ ಜಾಗ ತಗೊಳ್ಳಬಹುದು. ಇಲ್ಲವೇ ಮನೆಯಲ್ಲೇ ಒಂದು ನ್ಯಾಸ್ ಇಟ್ಟುಕೊಳ್ಳಬಹುದು.

ನ್ಯಾಸ್ ಅಂದರೆ ಒಂದೋ ಎರಡೋ ಹಾರ್ಡ್ ಡಿಸ್ಕ್ ಹಿಡಿಸುವ ಚಿಕ್ಕ ಪೆಟ್ಟಿಗೆ. ಅದನ್ನು ಮನೆಯ ರೂಟರಿಗೆ ಒಂದು ಕೇಬಲ್ಲಿನಿಂದ ಜೋಡಿಸುತ್ತೀರಿ. ಆಮೇಲೆ ಮನೆಯವರ ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲವೂ ವೈಫೈ ಮೂಲಕವೇ ಅದರಲ್ಲಿ ಫೈಲ್ ಇಡಬಹುದು, ತೆಗೆಯಬಹುದು. ಇಡೀ ದಿನ ಆನ್ ಇರುತ್ತದೆ.

ಮೈಸೂರು, ಮಂಡ್ಯ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೊಳ್ಳುವಾಗ ಜನ ಪೆಟ್ಟಿಗೆಯ ಮೇಲೇ ದುಡ್ಡೆಲ್ಲ ಸುರಿಯುತ್ತಾರೆ. ಡಿಸ್ಕಿಗೆ ಚೌಕಾಸಿ ಮಾಡುತ್ತಾರೆ, ಎರಡನೇ ನಕಲಿಗೆ ದುಡ್ಡೇ ಎತ್ತಿಡುವುದಿಲ್ಲ. ಅದನ್ನು ತಿರುಗಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪೆಟ್ಟಿಗೆ ಸಾಧಾರಣದ್ದು ಸಾಕು. ಡಿಸ್ಕ್ ಒಳ್ಳೆಯದು ಬೇಕು. ಇನ್ನೊಂದು ನಕಲು ಬೇರೆ ಮನೆಯಲ್ಲಿ ಇರಲೇಬೇಕು. ಮುಂದಿನ ಲೆಕ್ಕವೆಲ್ಲ ಇದರ ಸುತ್ತಲೇ ಇದೆ.

1. ಮೊದಲು ನಿಮ್ಮಲ್ಲಿ ಎಷ್ಟಿದೆ ನೋಡಿ

ಅಂಗಡಿಗೆ ಹೋಗುವ ಮುಂಚೆ ಒಂದು ಸಂಜೆ ಇದಕ್ಕೆ ಕೊಡಿ. ಮನೆಯಲ್ಲಿರುವ ಪ್ರತಿ ಫೋನಿನ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ತೆರೆದು ಫೋಟೋ, ವಿಡಿಯೋ ಎಷ್ಟು ಜಿಬಿ ಇದೆ ಬರೆದುಕೊಳ್ಳಿ. ಲ್ಯಾಪ್‌ಟಾಪಿನ ಫೋಲ್ಡರ್, ಡ್ರಾಯರಿನಲ್ಲಿ ಬಿದ್ದಿರುವ ಪೆನ್‌ಡ್ರೈವ್, ಮದುವೆ ವಿಡಿಯೋ ಇರುವ ಹಳೇ ಹಾರ್ಡ್ ಡಿಸ್ಕ್, ಯಾವುದನ್ನೂ ಬಿಡಬೇಡಿ. ಜಮೀನಿನ ಪಹಣಿ, ಕ್ರಯಪತ್ರ, ಖಾತೆ, ಮಕ್ಕಳ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿಟ್ಟಿದ್ದರೆ ಅದನ್ನೂ ಸೇರಿಸಿ. ಅವು ಹಿಡಿಯುವ ಜಾಗ ಅತ್ಯಲ್ಪ, ಕಳೆದುಹೋದರೆ ಆಗುವ ತೊಂದರೆ ಮಾತ್ರ ದೊಡ್ಡದು.

ಫೋನಿನ ಒಂದು ಫೋಟೋ ಸಾಮಾನ್ಯವಾಗಿ 3–4 ಎಂಬಿ. ಹತ್ತು ಸಾವಿರ ಫೋಟೋ ಇದ್ದರೂ 40 ಜಿಬಿ ದಾಟುವುದಿಲ್ಲ. ಜಾಗ ತಿನ್ನುವುದು ವಿಡಿಯೋ. 4ಕೆಯಲ್ಲಿ ತೆಗೆದರೆ ಫೋನಿಗೆ ತಕ್ಕಂತೆ ನಿಮಿಷಕ್ಕೆ ಸುಮಾರು 170ರಿಂದ 400 ಎಂಬಿ ಬೇಕು. ಮಗುವಿನ ಶಾಲಾ ವಾರ್ಷಿಕೋತ್ಸವ ಒಂದು ಗಂಟೆ ತೆಗೆದರೆ 10ರಿಂದ 24 ಜಿಬಿ ಅಲ್ಲೇ ಮುಗಿಯಿತು.

ಲೆಕ್ಕ ಹಾಕುವ ಮುಂಚೆ ಒಂದು ಸುತ್ತು ಗುಡಿಸಿ. ವಾಟ್ಸಾಪ್ ಗ್ರೂಪುಗಳಿಂದ ಬಂದ ಶುಭೋದಯದ ಹೂವು, ದೇವರ ಪಟ, ಹಬ್ಬದ ಶುಭಾಶಯ, ಅದೇ ವಿಡಿಯೋ ನಾಲ್ಕು ಗ್ರೂಪಿನಿಂದ ನಾಲ್ಕು ಸಲ ಬಂದಿರುವುದು, ಇವೆಲ್ಲ ಸೇರಿ ಎಷ್ಟೋ ಫೋನಿನಲ್ಲಿ ಸ್ವಂತ ಫೋಟೋಗಿಂತ ಜಾಸ್ತಿ ಇರುತ್ತವೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲೇ ಸ್ಟೋರೇಜ್ ನಿರ್ವಹಣೆಗೆ ಹೋದರೆ ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಕೊಡುತ್ತದೆ. ಮೇಲಿನ ನಾಲ್ಕೈದು ಗ್ರೂಪು ತೆರೆದು ಬೇಡದ್ದನ್ನು ತೆಗೆದರೆ ಸಾಕು.

ಈಗ ಬಂದ ಮೊತ್ತವನ್ನು ಮೂರರಿಂದ ಗುಣಿಸಿ. ಇವತ್ತು 800 ಜಿಬಿ ಇದ್ದರೆ 2.4 ಟಿಬಿ. ಅಂದರೆ 4 ಟಿಬಿಯ ಡಿಸ್ಕ್ ಬಹಳ ವರ್ಷ ಸಾಕು. 4 ಟಿಬಿ ಅಂತ ಬರೆದಿದ್ದರೂ ಕಂಪ್ಯೂಟರ್ 3.6 ಅಂತ ತೋರಿಸುತ್ತದೆ. ಗಾಬರಿ ಬೇಡ, ಮೋಸವೂ ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಒಟ್ಟು 300–400 ಜಿಬಿ ಒಳಗಿದ್ದು ಮನೆಯಲ್ಲಿ ಒಬ್ಬಿಬ್ಬರೇ ಇದ್ದರೆ ನ್ಯಾಸ್ ಬೇಕಾಗಿಯೇ ಇಲ್ಲ. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡು, ಎರಡಕ್ಕೂ ಅದೇ ಫೈಲುಗಳನ್ನು ಹಾಕಿ, ಒಂದನ್ನು ನಿಮ್ಮಲ್ಲಿ, ಇನ್ನೊಂದನ್ನು ಅಕ್ಕನ ಮನೆಯಲ್ಲಿ ಇಡಿ. ಇದಕ್ಕಿಂತ ಅಗ್ಗದ, ಗಟ್ಟಿಯಾದ ವ್ಯವಸ್ಥೆ ಇಲ್ಲ. ನಾಲ್ಕೈದು ಜನ, ನಾಲ್ಕೈದು ಫೋನು, ಯಾರಿಗೂ ಕೇಬಲ್ ಚುಚ್ಚಿ ಕಾಪಿ ಮಾಡುವಷ್ಟು ಪುರುಸೊತ್ತಿಲ್ಲ ಅನ್ನುವ ಮನೆಗೆ ನ್ಯಾಸ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

2. ರೂಟರ್ ಹಿಂಭಾಗ ಒಮ್ಮೆ ನೋಡಿ

ನ್ಯಾಸ್ ನಿಧಾನ ಅನ್ನುವ ದೂರಿನ ಕಾರಣ ಬಹಳ ಸಲ ನ್ಯಾಸ್‌ನಲ್ಲಿ ಇರುವುದೇ ಇಲ್ಲ. ಫೈಬರ್ ಕನೆಕ್ಷನ್ ಜೊತೆ ಕೊಡುವ ಎಷ್ಟೋ ಪೆಟ್ಟಿಗೆಗಳಲ್ಲಿ ನಾಲ್ಕು ಲ್ಯಾನ್ ಪೋರ್ಟ್ ಇದ್ದರೂ ಒಂದು ಮಾತ್ರ ಗಿಗಾಬಿಟ್, ಉಳಿದವು ಸೆಕೆಂಡಿಗೆ 100 ಮೆಗಾಬಿಟ್‌ನವು (8 ಬಿಟ್ ಸೇರಿದರೆ 1 ಬೈಟ್). ಗಿಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ. 100ರ ಪೋರ್ಟಿನಲ್ಲಿ ಬರೀ 11–12 ಎಂಬಿ. 100 ಜಿಬಿ ಕಾಪಿ ಮಾಡಲು ಮೊದಲನೆಯದರಲ್ಲಿ ಕಾಲು ಗಂಟೆ, ಎರಡನೆಯದರಲ್ಲಿ ಎರಡೂವರೆ ಗಂಟೆ. ಪೋರ್ಟಿನ ಪಕ್ಕ ಜಿಇ ಅಥವಾ ಎಫ್ಇ ಅಂತ ಬರೆದಿರುತ್ತದೆ. ಜಿಇ ಅಂದರೆ ಗಿಗಾಬಿಟ್. ಬರೆದಿಲ್ಲದಿದ್ದರೆ ಮಾಡೆಲ್ ನಂಬರ್ ಹುಡುಕಿ ನೋಡಿ.

ಕೇಬಲ್ ಕೂಡ ನೋಡಬೇಕು. ಕೇಬಲ್ಲಿನ ಮೈಮೇಲೆ ಚಿಕ್ಕ ಅಕ್ಷರದಲ್ಲಿ ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಇರಬೇಕು. ಮುರುಟಿದ ಹಳೇ ಕೇಬಲ್ಲಿನಲ್ಲಿ ಒಂದು ಎಳೆ ಕಿತ್ತಿದ್ದರೂ ವೇಗ 100ಕ್ಕೆ ಇಳಿಯುತ್ತದೆ. 2.5 ಗಿಗಾಬಿಟ್ ಇರುವ ನ್ಯಾಸ್‌ಗೆ ಹೆಚ್ಚು ಕೊಡಬೇಡಿ. ಮನೆಯ ರೂಟರಿನಲ್ಲಿ ಅದಕ್ಕೆ ಜೋಡಿ ಪೋರ್ಟ್ ಇರುವುದು ಅಪರೂಪ.

ರೂಟರಿನಲ್ಲೇ ಯುಎಸ್‌ಬಿ ಪೋರ್ಟ್ ಇದೆಯಲ್ಲ, ಅದಕ್ಕೇ ಹಾರ್ಡ್ ಡಿಸ್ಕ್ ಚುಚ್ಚಿದರೆ ಆಗಲ್ವಾ ಅಂತ ಕೇಳುತ್ತಾರೆ. ಟಿವಿಯಲ್ಲಿ ಸಿನಿಮಾ ನೋಡಲು ಆಗುತ್ತದೆ. ಆದರೆ ಆ ಪೋರ್ಟ್ ಹೆಚ್ಚಾಗಿ ಯುಎಸ್‌ಬಿ 2.0, ನಿಧಾನ. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್, ಅಳಿಸಿದ್ದನ್ನು ವಾಪಸ್ ತರುವುದು, ಡಿಸ್ಕ್ ಹಾಳಾಗುವ ಮುನ್ಸೂಚನೆ, ಇವು ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಮನೆಯ ಫೋಟೋ ಇಡುವ ಜಾಗ ಅದಲ್ಲ.

3. ಕರೆಂಟಿನ ಲೆಕ್ಕ

ಎರಡು ಡಿಸ್ಕಿನ ಚಿಕ್ಕ ನ್ಯಾಸ್ ಕೆಲಸ ಮಾಡುವಾಗ ಸುಮಾರು 15–17 ವ್ಯಾಟ್, ಡಿಸ್ಕ್ ಮಲಗಿದಾಗ 4–5 ವ್ಯಾಟ್ ಎಳೆಯುತ್ತದೆ. ಇಡೀ ತಿಂಗಳು 15 ವ್ಯಾಟಿನಲ್ಲೇ ಓಡಿತು ಅಂದುಕೊಂಡರೂ ಸುಮಾರು 11 ಯೂನಿಟ್. ಮೂಲೆಯಲ್ಲಿರುವ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರನ್ನೇ ನ್ಯಾಸ್ ಮಾಡಿದರೆ ಸುಮ್ಮನೆ ನಿಂತಿದ್ದರೂ 50 ವ್ಯಾಟಿನ ಆಸುಪಾಸು ಬೇಕು. ಅಂದರೆ ತಿಂಗಳಿಗೆ 36 ಯೂನಿಟ್.

ಈ ವ್ಯತ್ಯಾಸ ನಮ್ಮ ಕಡೆ ಮುಖ್ಯ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ಬಹಳ ಜನ ತಿಳಿದಿದ್ದಾರೆ. ನಿಯಮ ಹಾಗಿಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇಕಡಾ 10 ಸೇರಿಸಿ ಮಿತಿ ಹಾಕಿರುತ್ತಾರೆ. ಸರಾಸರಿ 100 ಇದ್ದರೆ ಮಿತಿ 110. ಅದರ ಮೇಲೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಈಗಲೇ 180–190ರಲ್ಲಿ ಓಡುತ್ತಿರುವ ಮನೆಯಲ್ಲಿ ಹಳೇ ಕಂಪ್ಯೂಟರನ್ನು 24 ಗಂಟೆ ಬಿಟ್ಟರೆ, ಪುಕ್ಕಟೆಯಾಗಿ ಸಿಕ್ಕ ಯಂತ್ರವೇ ಅತಿ ದುಬಾರಿ ಆಗಬಹುದು. ಸೆಸ್ಕ್‌ನ ಕಳೆದ ಕೆಲವು ತಿಂಗಳ ಬಿಲ್ ಎದುರಿಗಿಟ್ಟುಕೊಂಡು ಇನ್ನೆಷ್ಟು ಯೂನಿಟ್ ಅವಕಾಶ ಇದೆ ಅಂತ ನೋಡಿ, ಆಮೇಲೆ ತೀರ್ಮಾನಿಸಿ.

ಇನ್ನು ಕರೆಂಟ್ ಹೋಗುವ ವಿಷಯ. ಫೈಲ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಫೈಲ್ ಕೆಡಬಹುದು, ಕೆಟ್ಟ ಗಳಿಗೆಯಾದರೆ ಯಾವ ಫೈಲ್ ಎಲ್ಲಿದೆ ಅನ್ನುವ ಡಿಸ್ಕಿನ ಪಟ್ಟಿಯೇ ಕೆಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಅಥವಾ ಮುಂದೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್ ಅಂತ, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್ ಅಂತ ಇರುತ್ತದೆ. ಯುಪಿಎಸ್ ಕಡೆ ಇಟ್ಟರೆ ಕರೆಂಟ್ ಬದಲಾಗುವ ಸಮಯ ಬಹಳ ಕಡಿಮೆ, ನ್ಯಾಸ್ ಆಫ್ ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ಚನ್ನು ಹಾಕಿಸಿದ ದಿನದಿಂದ ಯಾರೂ ಮುಟ್ಟಿರುವುದಿಲ್ಲ. ಆಮೇಲೆ ನ್ಯಾಸ್ ಇಡುವ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಬಂದಿದೆಯಾ ನೋಡಿ. ಫ್ಯಾನು, ಲೈಟಿಗೆ ಮಾತ್ರ ಎಳೆದು ಪ್ಲಗ್ಗುಗಳನ್ನು ಬಿಟ್ಟಿರುವುದೇ ಜಾಸ್ತಿ.

ಇನ್ವರ್ಟರ್ ಇಲ್ಲದಿದ್ದರೆ 600 ವಿಎ ಯುಪಿಎಸ್ ಒಂದು ತಗೊಳ್ಳಿ. ನ್ಯಾಸ್ ಮತ್ತು ರೂಟರ್ ಎರಡೂ ಅದರಲ್ಲಿ ಅರ್ಧ ಗಂಟೆಯ ಆಸುಪಾಸು ನಿಲ್ಲುತ್ತವೆ. ಸ್ವಲ್ಪ ಹೆಚ್ಚು ಕೊಟ್ಟರೆ ಯುಎಸ್‌ಬಿ ಕೇಬಲ್ಲಿನಿಂದ ನ್ಯಾಸ್‌ಗೆ ಜೋಡಿಸುವಂಥದ್ದು ಸಿಗುತ್ತದೆ. ಬ್ಯಾಟರಿ ಮುಗಿಯುವ ಹೊತ್ತಿಗೆ ಅದು ಹೇಳುತ್ತದೆ, ನ್ಯಾಸ್ ತಾನೇ ಫೈಲುಗಳನ್ನು ಮುಚ್ಚಿ ಆಫ್ ಆಗುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇರುವವರು ಈ ಎರಡನೇ ಬಗೆಯದನ್ನೇ ತಗೊಳ್ಳಿ ಅನ್ನುತ್ತೇನೆ. ಕರೆಂಟ್ ಹೋಗಿ ಬರುವ ಹೊತ್ತಿಗೆ ಮನೆಯವರೆಲ್ಲ ತೋಟದಲ್ಲಿರಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಿಂಚು ಶುರುವಾಗುತ್ತದೆ ಅಲ್ವಾ, ಅದಕ್ಕೆ ಅರ್ತಿಂಗ್ ಸರಿ ಇರಬೇಕು. ಹಳೇ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಒಳಗೆ ಅರ್ತ್ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿ. ಇಂಟರ್‌ನೆಟ್ ಫೈಬರಿನಲ್ಲಿ ಬರುತ್ತಿದ್ದರೆ ಆ ದಾರಿಯಿಂದ ಸಿಡಿಲು ಬರುವುದಿಲ್ಲ. ಕಂಬದಿಂದ ತಾಮ್ರದ ಲ್ಯಾನ್ ಕೇಬಲ್ ನೇರವಾಗಿ ಮನೆಗೆ ಎಳೆದಿದ್ದರೆ ಆ ದಾರಿಯಲ್ಲಿ ಬಂದೇ ಬರಬಹುದು. ಅಂಥವರು ಫೈಬರಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

4. ಪೆಟ್ಟಿಗೆ ಆರಿಸುವುದು

ಸಿನಾಲಜಿ ಮತ್ತು ಕ್ಯೂನ್ಯಾಪ್ ಈ ಕ್ಷೇತ್ರದ ಹಳೇ ಹೆಸರುಗಳು. ಆಸುಸ್ಟರ್, ಟೆರಾಮಾಸ್ಟರ್ ಕೂಡ ಇವೆ. ಮನೆ ಬಳಕೆಯ ಕೆಳ ಬೆಲೆಯ ಮಾಡೆಲ್‌ಗಳಲ್ಲಿ ಸಿನಾಲಜಿಯ ಡಿಎಸ್223ಜೆ, ಕ್ಯೂನ್ಯಾಪ್‌ನ ಟಿಎಸ್-233 ಎರಡೂ ಎರಡು ಡಿಸ್ಕ್ ಹಿಡಿಸುವಂಥವು, ಎರಡಕ್ಕೂ ಒಂದು ಗಿಗಾಬಿಟ್ ಪೋರ್ಟ್. ಮೊದಲನೆಯದಕ್ಕೆ 1 ಜಿಬಿ ಮೆಮೊರಿ, ಎರಡನೆಯದಕ್ಕೆ 2 ಜಿಬಿ. ಎರಡರಲ್ಲೂ ಆಮೇಲೆ ಹೆಚ್ಚಿಸಲು ಬರುವುದಿಲ್ಲ.

ಈ ವರ್ಗದ ಪೆಟ್ಟಿಗೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಅನ್ನುವುದು ಗೊತ್ತಿದ್ದರೆ ನಿರಾಸೆ ಇಲ್ಲ. ಫೋನಿನ ಫೋಟೋ ತಾನಾಗಿ ಬಂದು ಸೇರುವುದು, ಮನೆಯವರು ಫೈಲ್ ಹಂಚಿಕೊಳ್ಳುವುದು, ಟಿವಿಯಲ್ಲಿ ವಿಡಿಯೋ ಹಾಗ್ಹಾಗೇ ನೋಡುವುದು, ಲ್ಯಾಪ್‌ಟಾಪ್ ಬ್ಯಾಕಪ್, ಇವೆಲ್ಲ ಚೆನ್ನಾಗಿ ಆಗುತ್ತವೆ. 4ಕೆ ವಿಡಿಯೋವನ್ನು ಓಡುತ್ತಿರುವಾಗಲೇ ಚಿಕ್ಕದು ಮಾಡಿ ಫೋನಿಗೆ ಕಳಿಸುವುದು, ಇಮ್ಮಿಚ್‌ನಂಥ ದೊಡ್ಡ ಫೋಟೋ ವ್ಯವಸ್ಥೆ ಓಡಿಸುವುದು ಇದರ ಕೈಲಿ ಆಗದ ಕೆಲಸ. ಅದಕ್ಕೆ ಇಂಟೆಲ್ ಪ್ರೊಸೆಸರ್, ಹೆಚ್ಚು ಮೆಮೊರಿ ಇರುವ ಯಂತ್ರ ಬೇಕು, ಬೆಲೆಯೂ ಬೇರೆ. ಅಪ್ಪ ಅಮ್ಮನ ಫೋನಿನ ಫೋಟೋ ಉಳಿಯಬೇಕು ಅನ್ನುವುದಷ್ಟೇ ಉದ್ದೇಶವಾದರೆ ಆ ಕಡೆ ನೋಡಲೇಬೇಡಿ.

ಒಂದು ಡಿಸ್ಕಿನದೋ ಎರಡು ಡಿಸ್ಕಿನದೋ? ನಾನು ಎರಡರದ್ದನ್ನೇ ಹೇಳುತ್ತೇನೆ. ಆದರೆ ಮೊದಲ ದಿನವೇ ಎರಡೂ ಡಿಸ್ಕ್ ತುಂಬಿಸಬೇಕಾಗಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಪೆಟ್ಟಿಗೆಯೊಳಗೆ ಒಂದೇ ಡಿಸ್ಕ್ ಹಾಕಿ, ಎರಡನೇ ಡಿಸ್ಕಿನ ದುಡ್ಡಿನಲ್ಲಿ ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು ಬ್ಯಾಕಪ್ ಮಾಡಿ. ಮುಂದಿನ ಬೋನಸ್ಸಿಗೋ ಫಸಲಿಗೋ ಇನ್ನೊಂದು ಡಿಸ್ಕ್ ಸೇರಿಸಿ ಅದನ್ನು ರೇಡ್ 1ಕ್ಕೆ ಬದಲಾಯಿಸಬಹುದು. ಸಿನಾಲಜಿ, ಕ್ಯೂನ್ಯಾಪ್ ಎರಡರಲ್ಲೂ ಒಳಗಿರುವ ಫೈಲ್ ಅಳಿಸದೆ ಇದಾಗುತ್ತದೆ.

ರೇಡ್ 1 ಅಂದರೆ ಒಂದು ಡಿಸ್ಕಿನಲ್ಲಿ ಬರೆದದ್ದೆಲ್ಲ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಬರೆಯುವುದು. 4 ಟಿಬಿಯ ಎರಡು ಡಿಸ್ಕ್ ಹಾಕಿದರೂ ಸಿಗುವುದು 4 ಟಿಬಿಯೇ. ಒಂದು ಡಿಸ್ಕ್ ಸತ್ತರೆ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ. ಆದರೆ ಮಗು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ಕಳ್ಳ ಪೆಟ್ಟಿಗೆಯನ್ನೇ ಒಯ್ದರೆ ಎರಡೂ ಹೋಗುತ್ತವೆ. ಆದ್ದರಿಂದ ರೇಡ್ ಇದೆ, ಬ್ಯಾಕಪ್ ಬೇಡ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪಟ್ಟಿಯಲ್ಲಿ ರೇಡ್ 0 ಅಂತ ಕಂಡರೆ ಅದನ್ನು ಮುಟ್ಟಲೇಬೇಡಿ. ಅದರಲ್ಲಿ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಸಿಕ್ಕರೆ ಮೊದಲು ಕೇಳಬೇಕಾದದ್ದು ಕಂಪನಿ ಅದಕ್ಕೆ ಇನ್ನೂ ಅಪ್‌ಡೇಟ್ ಕೊಡುತ್ತಿದೆಯೇ ಅನ್ನುವುದು. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳಿಗೆ 2015ರಲ್ಲಿ ಅಪ್‌ಡೇಟ್ ನಿಂತಿತ್ತು. ಜನ ಬಳಸುತ್ತಲೇ ಇದ್ದರು. 2021ರ ಜೂನಿನಲ್ಲಿ ಯಾರೋ ಇಂಟರ್‌ನೆಟ್ ಮೂಲಕ ನುಗ್ಗಿ ಬೇರೆ ಬೇರೆ ದೇಶಗಳಲ್ಲಿ ಆ ಪೆಟ್ಟಿಗೆಗಳನ್ನು ಖಾಲಿ ಮಾಡಿದರು. ಅಪ್‌ಡೇಟ್ ನಿಂತ ಪೆಟ್ಟಿಗೆ ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಹಳೇ ಲ್ಯಾಪ್‌ಟಾಪಿನಲ್ಲಿ ಓಪನ್‌ಮೀಡಿಯಾವಾಲ್ಟ್ ಹಾಕಿ ನ್ಯಾಸ್ ಮಾಡುವವರಿದ್ದಾರೆ. ತಂತ್ರಾಂಶ ಉಚಿತ, ಕರೆಂಟ್ ಡೆಸ್ಕ್‌ಟಾಪಿಗಿಂತ ಕಡಿಮೆ, ಅದರ ಬ್ಯಾಟರಿಯೇ ಯುಪಿಎಸ್. ರಾಸ್ಪ್‌ಬೆರಿ ಪೈ 4 ಅಥವಾ 5 ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲೂ ಆಗುತ್ತದೆ. ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ ಖಂಡಿತ ಮಾಡಲಿ, ಕಲಿಯುವುದು ಬಹಳ ಇದೆ. ಆದರೆ ಅವರು ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಅಂತಲೂ ಯೋಚಿಸಿ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸದಾ ಚಾರ್ಜಿನಲ್ಲಿದ್ದರೆ ಊದಿಕೊಳ್ಳಬಹುದು. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅದೇ ದಿನ ಬಳಕೆ ನಿಲ್ಲಿಸಿ.

5. ಡಿಸ್ಕ್: ಇಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ

ಪೆಟ್ಟಿಗೆ ಖಾಲಿ ಬರುತ್ತದೆ, ಡಿಸ್ಕ್ ಬೇರೆ ಕೊಳ್ಳಬೇಕು. ಎರಡು ಡಿಸ್ಕಿನ ಬೆಲೆ ಸೇರಿದರೆ ಪೆಟ್ಟಿಗೆಯ ಬೆಲೆಯನ್ನು ಮುಟ್ಟುವುದು, ದಾಟುವುದು ಸಾಮಾನ್ಯ. ಅಲ್ಲಿ ಉಳಿಸೋಣ ಅಂತ ಅನ್ನಿಸುವುದೂ ಸಹಜ.

ಹಾರ್ಡ್ ಡಿಸ್ಕಿನಲ್ಲಿ ಸಿಎಂಆರ್, ಎಸ್‌ಎಂಆರ್ ಅಂತ ಎರಡು ಬಗೆ. ಎಸ್‌ಎಂಆರ್‌ನಲ್ಲಿ ಮಾಹಿತಿಯ ಸಾಲುಗಳು ಹಳೇ ಮನೆಯ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಿರುತ್ತವೆ. ಕೆಳಗಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನವನ್ನೂ ಎತ್ತಿ ಮತ್ತೆ ಜೋಡಿಸಬೇಕು. ಕಡಿಮೆ ಜಾಗದಲ್ಲಿ ಜಾಸ್ತಿ ಹಿಡಿಸುತ್ತದೆ, ಆದ್ದರಿಂದ ಅಗ್ಗ. ಆದರೆ ಬರೆದದ್ದರ ಮೇಲೆ ಮತ್ತೆ ಬರೆಯುವಾಗ ಬಹಳ ನಿಧಾನ. ಒಂದು ಡಿಸ್ಕ್ ಸತ್ತು ಹೊಸದನ್ನು ಹಾಕಿದಾಗ, ಉಳಿದ ಡಿಸ್ಕಿನಿಂದ ಎಲ್ಲವೂ ಹೊಸದಕ್ಕೆ ಹೋಗಬೇಕಲ್ಲ, ಆಗ ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯಬಹುದು. ಕೆಲವೊಮ್ಮೆ ನ್ಯಾಸ್ ಆ ಡಿಸ್ಕನ್ನು ಕೆಟ್ಟದ್ದು ಅಂದುಕೊಂಡು ಹೊರಹಾಕುವುದೂ ಉಂಟು. ಸಿಎಂಆರ್‌ನಲ್ಲಿ ಸಾಲುಗಳು ಬೇರೆ ಬೇರೆ, ಈ ತೊಂದರೆ ಇಲ್ಲ. ನ್ಯಾಸ್‌ಗೆ ಸಿಎಂಆರ್‌ ಡಿಸ್ಕೇ ಬೇಕು.

ಕವರಿನ ಮೇಲಿನ ಹೆಸರು ನೋಡಿ ನಂಬಬೇಡಿ. 2020ರ ಏಪ್ರಿಲಿನಲ್ಲಿ ಹೊರಬಂದ ವಿಷಯ ಇದು: ನ್ಯಾಸ್‌ಗೆಂದೇ ಮಾರುತ್ತಿದ್ದ ಡಬ್ಲ್ಯುಡಿ ರೆಡ್ ಡಿಸ್ಕುಗಳಲ್ಲಿ 2ರಿಂದ 6 ಟಿಬಿಯ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಆಗಿದ್ದವು, ಕೊಂಡವರಿಗೆ ಹೇಳಿರಲಿಲ್ಲ. ಗಲಾಟೆ ಆದ ಮೇಲೆ ಕಂಪನಿ ಸಿಎಂಆರ್‌ನವಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಕೊಟ್ಟಿತು. ಆದ್ದರಿಂದ ಡಬ್ಲ್ಯುಡಿಯಲ್ಲಾದರೆ ರೆಡ್ ಪ್ಲಸ್, ಸೀಗೇಟಿನಲ್ಲಾದರೆ ಐರನ್‌ವುಲ್ಫ್ ಕೇಳಿ. ಎರಡಕ್ಕೂ 3 ವರ್ಷದ ವಾರಂಟಿ.

ಡಿಸ್ಕ್ ಕೈಗೆ ತಗೊಂಡು ಲೇಬಲ್ ಓದುವುದನ್ನು ರೂಢಿ ಮಾಡಿಕೊಳ್ಳಿ. ಸೀಗೇಟಿನ 4 ಟಿಬಿ ಡಿಸ್ಕಿನ ಮಾಡೆಲ್ ನಂಬರಿನಲ್ಲಿ 4000ದ ನಂತರ ವಿಎನ್ ಅಂತ ಇದ್ದರೆ ಅದು ಐರನ್‌ವುಲ್ಫ್. ಡಿಎಂ ಅಂತ ಇದ್ದರೆ ಡೆಸ್ಕ್‌ಟಾಪಿನ ಬಾರಾಕುಡಾ. 4 ಟಿಬಿಯ ಡಿಎಂ004 ಎಸ್‌ಎಂಆರ್. ಹೊರಗಿನಿಂದ ಎರಡೂ ಒಂದೇ ಥರದ ಲೋಹದ ಇಟ್ಟಿಗೆ. "ಸರ್, ಎರಡೂ ಸೇಮ್, ಇದು ಸಾವಿರಗಟ್ಟಲೆ ಕಡಿಮೆ" ಅಂದರೆ, "ಇರಲಿ ಬಿಡಿ, ನನಗೆ ವಿಎನ್ ಇರೋದನ್ನೇ ತರಿಸಿಕೊಡಿ" ಅನ್ನಿ. ಮೈಸೂರಿನ ಅಂಗಡಿಗಳಲ್ಲಿ ನ್ಯಾಸ್ ಡಿಸ್ಕ್ ಯಾವಾಗಲೂ ಸ್ಟಾಕಿನಲ್ಲಿ ಇರಲೇಬೇಕೆಂದಿಲ್ಲ, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸುವುದಾದರೆ ಒಂದೆರಡು ದಿನ ಕಾಯಿರಿ. ಆ ಕಾಯುವಿಕೆಗೆ ಬೆಲೆ ಇದೆ.

ದುಡ್ಡು ಕೊಡುವ ಮುಂಚೆ ಸೀರಿಯಲ್ ನಂಬರನ್ನು ಅಲ್ಲೇ ನಿಂತು ಕಂಪನಿಯ ವೆಬ್‌ಸೈಟಿನ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಭಾರತದಲ್ಲಿ ವಾರಂಟಿ ಇದೆ, ಇಂಥ ದಿನಾಂಕದವರೆಗೆ ಇದೆ ಅಂತ ಬರಬೇಕು. ಬೇರೆ ದೇಶಕ್ಕೆ ಮಾರಿದ್ದು, ಕಂಪ್ಯೂಟರಿನೊಳಗೆ ಹಾಕಿ ಮಾರಲು ಕೊಟ್ಟದ್ದು ಅಂತ ಬಂದರೆ ವಾಪಸ್ ಕೊಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಮನೆಗೆ ತಂದು ಹಾಕಿದ ಮೇಲೆ ಡಿಸ್ಕಿನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ತೆರೆದರೆ ಎಷ್ಟು ಗಂಟೆ ಓಡಿದೆ ಅಂತ ತೋರಿಸುತ್ತದೆ. ಹೊಸದರಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಇದನ್ನೂ ಪೂರ್ತಿ ನಂಬುವಂತಿಲ್ಲ. ಬಳಸಿದ ಸೀಗೇಟ್ ಡಿಸ್ಕುಗಳ ಈ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ ಹೊಸದು ಅಂತ ಮಾರಿದ್ದು 2025ರ ಆರಂಭದಲ್ಲಿ ಯುರೋಪಿನಲ್ಲಿ ಬಯಲಾಯಿತು. ಮಾರುಕಟ್ಟೆ ಬೆಲೆಗಿಂತ ತೀರಾ ಕಡಿಮೆಗೆ ಬರುವ ಡಿಸ್ಕನ್ನು ಕೇಳುವುದೇ ಬೇಡ.

ಎರಡು ಡಿಸ್ಕ್ ಕೊಳ್ಳುವುದಾದರೆ ಬೇರೆ ಬೇರೆ ಅಂಗಡಿಯಿಂದಲೋ ಕೆಲವು ತಿಂಗಳ ಅಂತರದಲ್ಲೋ ಕೊಳ್ಳಿ. ಒಂದೇ ದಿನ ಒಂದೇ ಕಡೆ ತಯಾರಾದ ಎರಡು ಡಿಸ್ಕಿನಲ್ಲಿ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು.

6. ಜೋಡಿಸುವುದು

ಹಾಲ್‌ನಲ್ಲಿ ರೂಟರ್ ಪಕ್ಕ, ಗಾಳಿಯಾಡುವ ಕಡೆ ಇಡಿ. ಮುಚ್ಚಿದ ಕಪಾಟು, ಬಿಸಿಲು ಬೀಳುವ ಕಿಟಕಿ, ಊದುಬತ್ತಿ ಹೊಗೆಯಾಡುವ ದೇವರ ಮೂಲೆ ಬೇಡ. ಡಿಸ್ಕ್ ತಿರುಗುವ ಸಣ್ಣ ಗರಗರ ಸದ್ದು ಇರುತ್ತದೆ, ಮಲಗುವ ಕೋಣೆಗೆ ಹೊಂದುವುದಿಲ್ಲ.

ಮೊದಲ ಸಲ ಆನ್ ಮಾಡಿದಾಗ ಅದು ಕೇಳುವುದನ್ನು ನಿಧಾನವಾಗಿ ಓದುತ್ತಾ ಹೋಗಿ. ಮುಖ್ಯ ಖಾತೆಗೆ ಅಡ್ಮಿನ್ ಅನ್ನುವ ಹೆಸರು ಇಡಬೇಡಿ, ಕದಿಯುವವರು ಮೊದಲು ಪ್ರಯತ್ನಿಸುವುದು ಅದನ್ನೇ. ಎರಡು ಹಂತದ ಲಾಗಿನ್ ಹಾಕಿ. ತಂತ್ರಾಂಶ ತಾನಾಗಿ ಅಪ್‌ಡೇಟ್ ಆಗುವಂತೆ ಬಿಡಿ. ಮನೆಯ ಪ್ರತಿಯೊಬ್ಬರಿಗೂ ಬೇರೆ ಖಾತೆ, ಅವರದೇ ಫೋಲ್ಡರ್. ಎಲ್ಲರಿಗೂ ಕಾಣುವ ಒಂದು ಫೋಲ್ಡರ್ ಬೇರೆ. ಜಮೀನು, ಬ್ಯಾಂಕಿನ ಕಾಗದಕ್ಕೆ ಎನ್‌ಕ್ರಿಪ್ಟ್ ಮಾಡಿದ, ಅಂದರೆ ಕೀ ಇಲ್ಲದೆ ಓದಲಾಗದ ಫೋಲ್ಡರ್. ಅಳಿಸಿದ ಫೈಲ್ ಕಸದ ಬುಟ್ಟಿಗೆ ಹೋಗುವ ಆಯ್ಕೆ ಆನ್ ಇದೆಯಾ ನೋಡಿ.

ಫೋನುಗಳಿಗೆ ಆ ಕಂಪನಿಯ ಫೋಟೋ ಆ್ಯಪ್ ಹಾಕಿ, ವೈಫೈ ಇದ್ದಾಗ ಮಾತ್ರ ಕಳಿಸುವಂತೆ ಮಾಡಿ. ಮೊದಲ ಸಲ ಸಾವಿರಾರು ಫೋಟೋ ಹೋಗಬೇಕಾದ್ದರಿಂದ ರಾತ್ರಿ ಚಾರ್ಜಿಗೆ ಹಾಕಿ ಆ್ಯಪ್ ತೆರೆದಿಟ್ಟು ಮಲಗಿ. ಐಫೋನ್ ಆದರೆ ಹಿನ್ನೆಲೆಯಲ್ಲಿ ಆ್ಯಪನ್ನು ಬೇಗ ನಿಲ್ಲಿಸುತ್ತದೆ, ವಾರಕ್ಕೊಮ್ಮೆ ಕೈಯಾರೆ ತೆರೆಯಬೇಕು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಈ ಆ್ಯಪನ್ನು ಹೊರಗಿಡಬೇಕು. ಎಲ್ಲವೂ ನ್ಯಾಸ್‌ಗೆ ಬಂತು ಅಂತ ನಾಲ್ಕೈದು ಕಡೆ ತೆರೆದು ನೋಡುವವರೆಗೆ ಫೋನಿನಿಂದ ಒಂದನ್ನೂ ಅಳಿಸಬೇಡಿ.

7. ಹೊರಗಿನಿಂದ ನೋಡಬೇಕಾದರೆ

ಪುಣೆಯಲ್ಲಿರುವ ಮಗಳು ಮೈಸೂರಿನ ಮನೆಯ ಫೋಟೋ ನೋಡಬೇಕು ಅಂದರೆ ಜನ ರೂಟರಿನಲ್ಲಿ ಪೋರ್ಟ್ (ಇಂಟರ್‌ನೆಟ್ಟಿನಿಂದ ಒಳಗೆ ಬರುವ ಬಾಗಿಲು) ತೆರೆಯುವ ವಿಡಿಯೋ ನೋಡಿ ಹಾಗೆಯೇ ಮಾಡುತ್ತಾರೆ. ಅದು ಬೇಡ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ದಾಳಿ ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಮನೆಯವರ ಪೆಟ್ಟಿಗೆ ಯಾರಿಗೆ ಬೇಕು ಅನ್ನುವಂತಿಲ್ಲ. ಹುಡುಕುವುದು ಮನುಷ್ಯರಲ್ಲ, ಯಂತ್ರಗಳು.

ಹೇಗೂ ನಮ್ಮಲ್ಲಿ ಬಹಳ ಕನೆಕ್ಷನ್‌ಗಳಲ್ಲಿ ಪೋರ್ಟ್ ತೆರೆದರೂ ಕೆಲಸ ಮಾಡುವುದಿಲ್ಲ. ಇಂಟರ್‌ನೆಟ್ ಕಂಪನಿಗಳು ಹತ್ತಾರು ಮನೆಗೆ ಒಂದೇ ಹೊರಗಿನ ವಿಳಾಸ ಹಂಚಿರುತ್ತವೆ. ರೂಟರಿನ ಪುಟದಲ್ಲಿ ವ್ಯಾನ್ ವಿಳಾಸ (ರೂಟರಿಗೆ ಇಂಟರ್‌ನೆಟ್ ಕಡೆಯಿಂದ ಸಿಕ್ಕ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮದೂ ಅಂಥದ್ದೇ. ಅದಕ್ಕೆ ಟೇಲ್‌ಸ್ಕೇಲ್ ಅನ್ನುವ ಆ್ಯಪ್ ಹಾಕಿ. ಮನೆ ಬಳಕೆಗೆ ಉಚಿತ ಯೋಜನೆ ಇದೆ. ನ್ಯಾಸ್‌ನಲ್ಲಿ ಒಮ್ಮೆ, ಮಗಳ ಫೋನಿನಲ್ಲಿ ಒಮ್ಮೆ ಹಾಕಿದರೆ ಇಬ್ಬರ ನಡುವೆ ಖಾಸಗಿ ದಾರಿ ಆಗುತ್ತದೆ. ರೂಟರಿನಲ್ಲಿ ಏನೂ ತೆರೆಯಬೇಕಾಗಿಲ್ಲ. ಸಿನಾಲಜಿಯ ಕ್ವಿಕ್‌ಕನೆಕ್ಟ್ ಇನ್ನೂ ಸುಲಭ, ಸ್ವಲ್ಪ ನಿಧಾನ.

8. ಬೇರೆ ಮನೆಯಲ್ಲಿ ಇನ್ನೊಂದು ನಕಲು

ಎಕ್ಸ್‌ಟರ್ನಲ್ ಡಿಸ್ಕನ್ನು ನ್ಯಾಸ್‌ನ ಯುಎಸ್‌ಬಿ ಪೋರ್ಟಿಗೆ ಹಾಕಿ. ಸಿನಾಲಜಿಯಲ್ಲಿ ಯುಎಸ್‌ಬಿ ಕಾಪಿ, ಕ್ಯೂನ್ಯಾಪ್‌ನಲ್ಲಿ ಎಚ್‌ಬಿಎಸ್ 3 ಅನ್ನುವ ಆ್ಯಪ್ ಈ ಕೆಲಸಕ್ಕೆಂದೇ ಇದೆ. ಫೈಲುಗಳು ಇದ್ದ ಹಾಗೇ ಕಾಪಿಯಾಗುವ ಆಯ್ಕೆ ತಗೊಳ್ಳಿ. ನಾಳೆ ನ್ಯಾಸ್ ಸುಟ್ಟುಹೋದರೂ ಆ ಡಿಸ್ಕನ್ನು ಯಾವುದಾದರೂ ಲ್ಯಾಪ್‌ಟಾಪಿಗೆ ಹಾಕಿ ಫೋಟೋ ತೆರೆಯುವಂತಿರಬೇಕು. ಈಗಲೇ ಲ್ಯಾಪ್‌ಟಾಪಿಗೆ ಹಾಕಿ ತೆರೆಯುತ್ತದಾ ನೋಡಿ.

ಇಂಥ ಎರಡು ಡಿಸ್ಕ್ ಇದ್ದರೆ ಬಹಳ ಒಳ್ಳೆಯದು. ಒಂದು ಮೈಸೂರಿನ ನಿಮ್ಮ ಮನೆಯಲ್ಲಿ, ಒಂದು ಮಂಡ್ಯದ ಅಣ್ಣನ ಮನೆಯ ಬೀರುವಿನಲ್ಲಿ. ಹಬ್ಬಕ್ಕೋ ನಾಮಕರಣಕ್ಕೋ ಹೋಗಿ ಬರುವಾಗ ಅದಲು ಬದಲು ಮಾಡಿ. ಮೈಸೂರಿಂದ ಮಂಡ್ಯಕ್ಕೆ 45 ಕಿಲೋಮೀಟರ್ ದೂರ, ಹೇಗೂ ವರ್ಷಕ್ಕೆ ನಾಲ್ಕಾರು ಸಲ ಹೋಗಿಯೇ ಹೋಗುತ್ತೀರಿ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಿ, ಬಸ್ಸಿನ ಡಿಕ್ಕಿಯಲ್ಲಿ ಹಾಕಬೇಡಿ.

ನಕಲು ಮಾಡಿದ ಮೇಲೆ ಪರೀಕ್ಷೆ ಮಾಡಿ. ಬೇಡದ ಒಂದು ಫೋಟೋವನ್ನು ನ್ಯಾಸ್‌ನಿಂದ ಬೇಕೆಂದೇ ಅಳಿಸಿ, ಎಕ್ಸ್‌ಟರ್ನಲ್ ಡಿಸ್ಕಿನಿಂದ ವಾಪಸ್ ತನ್ನಿ. ಮನೆಯಲ್ಲಿ ಇನ್ನೊಬ್ಬರ ಕೈಲೂ ಇದನ್ನು ಮಾಡಿಸಿ.

ತಿಂಗಳಿಗೊಮ್ಮೆ ಡಿಸ್ಕಿನ ಪೂರ್ತಿ ಸ್ಮಾರ್ಟ್ ಪರೀಕ್ಷೆ ತಾನಾಗಿ ನಡೆಯುವಂತೆ ಸಮಯ ಹಾಕಿ, ಏನಾದರೂ ಕೆಟ್ಟರೆ ನಿಮ್ಮ ಇಮೇಲಿಗೆ ಬರುವಂತೆ ಮಾಡಿ. ಕೆಟ್ಟ ಸೆಕ್ಟರುಗಳ (ಡಿಸ್ಕಿನಲ್ಲಿ ಹಾಳಾದ ತುಣುಕುಗಳ) ಸಂಖ್ಯೆ ಏರುತ್ತಿದೆ ಅಂತ ಬಂದರೆ ವಾರಂಟಿ ಇರುವಾಗಲೇ ಡಿಸ್ಕ್ ಬದಲಿಸಿಕೊಳ್ಳಿ. ನ್ಯಾಸ್‌ನ ಬಳಕೆದಾರ ಹೆಸರು, ಪಾಸ್‌ವರ್ಡ್, ಎನ್‌ಕ್ರಿಪ್ಟ್ ಮಾಡಿದ ಫೋಲ್ಡರಿನ ಕೀ, ಡಿಸ್ಕಿನ ಬಿಲ್, ಮಂಡ್ಯದಲ್ಲಿರುವ ನಕಲಿನ ವಿವರ, ಎಲ್ಲವನ್ನೂ ಒಂದು ಹಾಳೆಯಲ್ಲಿ ಕೈಯಲ್ಲಿ ಬರೆದು ಮನೆಯ ಪತ್ರಗಳ ಫೈಲಿನಲ್ಲಿ ಸೇರಿಸಿ, ಆ ಹಾಳೆ ಎಲ್ಲಿದೆ ಅಂತ ಮನೆಯವರಿಗೆ ಹೇಳಿಡಿ.